ಸಿಲಿಂಡರ್ ಮುಚ್ಚುವ ಮುನ್ನ

ನನ್ನ ಶೂಟಿಂಗ್ ಚೀಲದಲ್ಲಿ ರಿವಾಲ್ವರ್‌ಗಿಂತಲೂ ಜೋಪಾನವಾಗಿ ಇಡಬೇಕಾದ ವಸ್ತುವೊಂದಿದೆ. ಅಂಗೈ ಗುಳಿಯಲ್ಲಿ ಕೂರುವಷ್ಟು ಚಿಕ್ಕದಾದ, ಹೂವಿನಾಕಾರದ ಉಕ್ಕಿನ ಬಿಲ್ಲೆ ಅದು. ದಪ್ಪ ಒಂದು ಮಿಲಿಮೀಟರೂ ಇಲ್ಲ. ಅಂಚಿನ ಆರು ಕಚ್ಚುಗಳಿಗೆ ಆರು ತೋಟಾ ಒತ್ತಿ ಕೂರಿಸಿದರೆ ಎಲ್ಲವೂ ಒಂದೇ ಗೊಂಚಲಾಗಿ ನಿಲ್ಲುತ್ತವೆ. ಇದೇ ಮೂನ್ ಕ್ಲಿಪ್.

ಇದು ಹುಟ್ಟಿದ್ದು ಯುದ್ಧದ ಅವಸರದಲ್ಲಿ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಸೈನ್ಯಕ್ಕೆ ಬೇಕಾದಷ್ಟು .45 ಪಿಸ್ತೂಲುಗಳಿರಲಿಲ್ಲ. ಅದೇ ತೋಟಾ ಹಾರಿಸುವ ದೊಡ್ಡ ಚೌಕಟ್ಟಿನ ರಿವಾಲ್ವರ್ ಮಾಡಿಕೊಡುವ ಕೆಲಸ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಗಳ ಪಾಲಿಗೆ ಬಂತು. ತೊಡಕು ಇದ್ದದ್ದು ತೋಟಾದ ಬುಡದಲ್ಲಿ. ರಿವಾಲ್ವರ್ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ನಕ್ಷತ್ರ ಆ ಅಂಚಿಗೆ ಸಿಕ್ಕಿಸಿಯೇ ಖಾಲಿ ತೋಟಾಗಳನ್ನು ಹೊರನೂಕುವುದು. ಪಿಸ್ತೂಲಿನ ತೋಟಾಕ್ಕೆ ಆ ಅಂಚಿಲ್ಲ. ಆಗ ಸ್ಮಿತ್ ಅಂಡ್ ವೆಸನ್‌ನವರು ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರದ ಕ್ಲಿಪ್ ಕಂಡುಹಿಡಿದರು. ಎರಡೂ ಕಂಪನಿ ಸೇರಿ ಅಂಥ ಮೂರು ಲಕ್ಷಕ್ಕೂ ಹೆಚ್ಚು ರಿವಾಲ್ವರ್ ಮಾಡಿದವು. ಅರಿಜೋನಾದ ರೇಂಜಿನಲ್ಲಿ ಭಾನುವಾರ ಬೆಳಗ್ಗೆ ನಾನು ಹಿಡಿಯುವ ಮಾಡೆಲ್ 625 ಅದೇ ವಂಶದ್ದು.

ಈ ರಿವಾಲ್ವರ್‌ನಲ್ಲಿ ಈಡಿನಷ್ಟೇ ಸೊಗಸಾದದ್ದು ತುಂಬುವ ಕೆಲಸ. ಹೆಬ್ಬೆರಳಲ್ಲಿ ಲ್ಯಾಚ್ ಮುಂದಕ್ಕೊತ್ತಿ, ಎಡಗೈಯ ನಡುವಿನ ಎರಡು ಬೆರಳಿಂದ ಸಿಲಿಂಡರನ್ನು ಆಚೆ ತಳ್ಳಬೇಕು. ಗುರಿಯ ದಿಕ್ಕು ಬಿಡದೆ ನಳಿಕೆ ಮೇಲೆತ್ತಿ, ಎಜೆಕ್ಟರ್ ಕಡ್ಡಿಗೆ ಅಂಗೈಯಿಂದ ಒಂದೇ ಏಟು. ಬಿಸಿ ಹಿತ್ತಾಳೆಯ ಗೊಂಚಲು ಉದುರುತ್ತದೆ. ಈಗ ನಳಿಕೆ ಕೆಳಕ್ಕೆ, ತುಂಬಿದ ಕ್ಲಿಪ್ ಒಳಕ್ಕೆ. ಗುಂಡುಗಳ ದುಂಡು ಮೂತಿ ತಾವೇ ತೂತು ಹುಡುಕಿಕೊಂಡು ಆರೂ ಒಟ್ಟಿಗೆ ಟಕ್ಕೆಂದು ಕೂರುತ್ತವೆ. ಸಿಲಿಂಡರನ್ನು ಅಂಗೈಯಿಂದ ಒತ್ತಿ ಮುಚ್ಚಬೇಕು. ಸಿನಿಮಾದ ಹೀರೋ ಹಾಗೆ ಮಣಿಕಟ್ಟು ಝಾಡಿಸಿದರೆ ಅದನ್ನು ಹೊತ್ತ ಕ್ರೇನ್ ಸೊಟ್ಟಗಾಗುತ್ತದೆ. 1999ರಲ್ಲಿ ಗುರಿಕಾರ ಜೆರ್ರಿ ಮಿಕ್ಯುಲೆಕ್ 625ರಲ್ಲೇ ಆರು ಹೊಡೆದು, ತುಂಬಿ, ಮತ್ತೆ ಆರು ಹೊಡೆದದ್ದು 2.99 ಸೆಕೆಂಡಿನಲ್ಲಿ. ಅದರ ವಿಡಿಯೊದಲ್ಲಿ ನಾನು ಮತ್ತೆ ಮತ್ತೆ ನೋಡುವುದು ತುಂಬುವ ಕೈಗಳನ್ನು.

ಇನ್ನು ಈಡಿನ ಮಾತು. ಸುಮಾರು 15 ಗ್ರಾಂ ತೂಕದ ಗುಂಡು ಸೆಕೆಂಡಿಗೆ 250 ಮೀಟರ್ ಆಸುಪಾಸಿನ ವೇಗದಲ್ಲಿ, ಶಬ್ದಕ್ಕಿಂತ ನಿಧಾನವಾಗಿ ಹೋಗುತ್ತದೆ. ಒಂದೂಕಾಲು ಕಿಲೋದ ಉಕ್ಕು ಆ ಒದೆತವನ್ನು ತಾನೇ ನುಂಗಿ ಕೈಗೆ ಬರೀ ಒಂದು ತಳ್ಳು ಕೊಡುತ್ತದೆ. ಇದೇ ಅಳತೆಯ ಚೌಕಟ್ಟಿನಲ್ಲಿ 1955ರಲ್ಲಿ ಬಂದ .44 ಮ್ಯಾಗ್ನಮ್ ತೂಕದಲ್ಲಿ ಅಷ್ಟೇ ಇರುವ ಗುಂಡನ್ನು ಸೆಕೆಂಡಿಗೆ 400 ಮೀಟರ್ ದಾಟಿಸುತ್ತದೆ. ಅದು ಕೈಗೆ ಗುದ್ದುತ್ತದೆ. ಈಡು ಹೊಡೆಯುವಾಗ ಕುದುರೆಯನ್ನು, ಅಂದರೆ ಟ್ರಿಗರನ್ನು, ಒಂದೇ ಸಮನೆ ಎಳೆಯುತ್ತಾ ಹೋಗಬೇಕು. ಆ ಎಳೆತದಲ್ಲೇ ಸಿಲಿಂಡರ್ ತಿರುಗಿ, ಹ್ಯಾಮರ್ ಎದ್ದು ಬೀಳಬೇಕು.

ಒಮ್ಮೆ ನನ್ನ ಕುದುರೆ ಮೂರನೇ ಈಡಿಗೆ ನಿಂತುಬಿಟ್ಟಿತು. ಎಳೆದರೂ ಬರಲಿಲ್ಲ. ನಳಿಕೆ ಗುರಿಯತ್ತಲೇ ಹಿಡಿದು ಹುಷಾರಾಗಿ ಬಿಚ್ಚಿ ನೋಡಿದೆ. ಕ್ಲಿಪ್ಪಿನ ಒಂದು ಎಸಳು ಕೂದಲೆಳೆಯಷ್ಟು ಬಾಗಿ, ಆ ತೋಟಾದ ಬುಡ ಹಿಂದಿನ ಗೋಡೆಗೆ ಉಜ್ಜುತ್ತಿತ್ತು. ತುಂಬಿದ ಕ್ಲಿಪ್ಪುಗಳನ್ನು ನೀರಿನ ಬಾಟಲಿಯ ಜೊತೆ ಚೀಲಕ್ಕೆ ಸುರಿದುಕೊಂಡು ಬಂದವನು ನಾನೇ. ಅಂದಿನಿಂದ ಖಾಲಿ ಕ್ಲಿಪ್ಪುಗಳನ್ನು ಮೊದಲು ಗಾಜಿನ ಮೇಲೆ ಇಟ್ಟು ನೋಡುತ್ತೇನೆ. ತಟ್ಟಾಡಿದ್ದು ಕಸದ ಬುಟ್ಟಿಗೆ. ನಕ್ಷತ್ರದ ಅಡಿಯಲ್ಲಿ ಸುಡದೆ ಉಳಿದ ಒಂದು ಕಾಳು ಮದ್ದು ಸಿಕ್ಕಿಕೊಂಡರೂ ಸಿಲಿಂಡರ್ ಬಿಗಿಯುತ್ತದೆ, ಅದಕ್ಕೊಂದು ಹಳೇ ಹಲ್ಲುಜ್ಜುವ ಬ್ರಷ್ಷು ಜೊತೆಗಿರುತ್ತದೆ.

ಈ ಬುದ್ಧಿ ನನಗೆ ಊರಿನಲ್ಲೇ ಬರಬೇಕಿತ್ತು. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯುವ ತನಕ ಅಜ್ಜ ನಮ್ಮ ಜೊತೆ ಮಾತಾಡುತ್ತಿದ್ದರು. ಮದ್ದಿಗೆ ಕಿಡಿ ತಗುಲಿಸುವ ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕಾಡಿನ ಅಂಚಿಗೆ ಹೋದ ಮೇಲೆ. ಕೇಪು ಇಟ್ಟ ಕ್ಷಣದಿಂದ ಹಿಂದೆ ಹೋದ ಹುಡುಗರಾದ ನಾವೂ ಉಸಿರು ಬಿಗಿಹಿಡಿಯುತ್ತಿದ್ದೆವು. ರಿವಾಲ್ವರ್‌ನಲ್ಲಿ ಕೇಪಿನ ಜಾಗ ಸಿಲಿಂಡರ್ ಮುಚ್ಚುವ ಕ್ಷಣದ್ದು. ಅಲ್ಲಿಯವರೆಗೆ ಎಲ್ಲವನ್ನೂ ತಿದ್ದಿಕೊಳ್ಳಬಹುದು.

ಆದ್ದರಿಂದ ಮೊದಲ ಸಲ ಬಂದವರ ಕೈಗೆ ನಾನು ಆರು ತೋಟಾ ಕೊಡುವುದಿಲ್ಲ, ಒಂದೇ ಕೊಡುತ್ತೇನೆ. ಒದೆತಕ್ಕೆ ಬೆಚ್ಚಿ ಬೆರಳು ಇನ್ನೊಮ್ಮೆ ಎಳೆದರೂ ಆಗ ಅಪಾಯವಿಲ್ಲ. ಯಾವ ತೂತಿಗೆ ಹಾಕಬೇಕೆಂದು ಅವರೇ ಹೇಳಬೇಕು. ಹೆಚ್ಚಿನವರು ಎಲ್ಲಕ್ಕಿಂತ ಮೇಲಿನದನ್ನು ತೋರಿಸುತ್ತಾರೆ. ಮುಚ್ಚಿ ಕುದುರೆ ಎಳೆದಾಗ ಸಿಲಿಂಡರ್ ಎಡಕ್ಕೆ ತಿರುಗಿ, ತೋಟಾ ಹ್ಯಾಮರ್‌ನಿಂದ ತಪ್ಪಿಸಿಕೊಂಡು ಹೋಗುತ್ತದೆ. ಮೇಲಿನದರ ಬಲಪಕ್ಕದ ತೂತಿಗೆ ಹಾಕಬೇಕೆಂದು ಅವರೇ ಕಂಡುಕೊಳ್ಳುವವರೆಗೆ ನಾನು ಬಾಯಿ ಬಿಡುವುದಿಲ್ಲ. ಕಂಡುಕೊಂಡ ಮೇಲೆ ಅವರು ಸಿಲಿಂಡರ್ ಮುಚ್ಚುವ ರೀತಿಯೇ ಬೇರೆಯಾಗಿರುತ್ತದೆ: ಎರಡೂ ಕೈ, ಮೆಲ್ಲಗೆ, ಕಣ್ಣಿಟ್ಟು.