ಪುಟ್ಟಕ್ಕನ ಪುಟಕ್ಕೆ ಆಧಾರ ಎಲ್ಲಿದೆ?

ರಬಕವಿ-ಬನಹಟ್ಟಿಯವರಿಗೆ ನಟಿ ಉಮಾಶ್ರೀ ಎರಡು ಸಲ ಪರಿಚಯವಾದವರು. 2013ರಿಂದ 2018ರವರೆಗೆ ತೇರದಾಳ ಕ್ಷೇತ್ರದ ಶಾಸಕಿ, ಸಿದ್ದರಾಮಯ್ಯನವರ ಸಂಪುಟದಲ್ಲಿ ಮಂತ್ರಿ. ಅವರಿಗೆ ಮತ ಹಾಕಿದವರೂ ಹಾಕದವರೂ ಒಂದೇ ಓಣಿಯಲ್ಲಿದ್ದಾರೆ. 2021ರ ಡಿಸೆಂಬರಿನಲ್ಲಿ ಅದೇ ಮುಖ ಜೀ ಕನ್ನಡದಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಮನೆಯೊಳಗೆ ಬಂತು. ಕಂಡಿಕೆ ಸುತ್ತುತ್ತ ಧಾರಾವಾಹಿ ನೋಡುವ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ಹಳೆಯ ಶಾಸಕಿಯೂ ಹೊಸ ಪುಟ್ಟಕ್ಕನೂ ಬೇರೆ ಬೇರೆಯಲ್ಲ. ಇಂಥ ಊರಿನ ಕಾಲೇಜು ಹುಡುಗನೊಬ್ಬ ಕನ್ನಡ ವಿಕಿಪೀಡಿಯದಲ್ಲಿ ‘ಪುಟ್ಟಕ್ಕನ ಮಕ್ಕಳು’ ಬಗ್ಗೆ ಬರೆಯಲು ಕೂತ ಎಂದಿಟ್ಟುಕೊಳ್ಳಿ. ಮೊದಲ ವಾಕ್ಯ ಹೀಗೆ ಬಂದರೆ ಆಶ್ಚರ್ಯವಿಲ್ಲ: ‘ಕನ್ನಡಿಗರ ಮನೆಮಾತಾಗಿರುವ, ಟಿಆರ್‌ಪಿಯ ಎಲ್ಲ ದಾಖಲೆ ಮುರಿದ, ನಮ್ಮ ತೇರದಾಳದ ಹೆಮ್ಮೆಯ ಉಮಾಶ್ರೀ ಅಭಿನಯದ ಅದ್ಭುತ ಧಾರಾವಾಹಿ.’

ವಿಕಿಪೀಡಿಯದ ನಿಯಮ ಈ ವಾಕ್ಯದ ಮೇಲೆ ಹಾಯ್ದರೆ ಉಳಿಯುವುದು ‘ಉಮಾಶ್ರೀ ಅಭಿನಯದ ಧಾರಾವಾಹಿ’ ಎಂಬಷ್ಟೇ. ಹುಡುಗನಿಗೆ ಸಿಟ್ಟು ಬರುವುದು ಸಹಜ. ಆದರೆ ಅಳಿಸಿದ್ದನ್ನು ಒಂದೊಂದಾಗಿ ನೋಡಿ. ಮನೆಮಾತಾಗಿದೆ ಎಂದವರು ಯಾರು? ದಾಖಲೆ ಮುರಿದದ್ದು ಯಾವ ವಾರ, ಯಾರ ದಾಖಲೆ? ಟಿಆರ್‌ಪಿ ಎಂಬುದು ಬಾರ್ಕ್ ಸಂಸ್ಥೆ ವಾರವಾರ ಕೊಡುವ ಲೆಕ್ಕ. ಈ ವಾರ ಒಂದನೆಯ ಸ್ಥಾನ, ಮುಂದಿನ ವಾರ ಮೂರನೆಯದು. ವಾರದ ಹೆಸರಿಲ್ಲದೆ ಅಂಕಿ ಬರೆದರೆ ಅದು ಮಾಹಿತಿಯಾಗುವುದಿಲ್ಲ, ಜಾಹೀರಾತಾಗುತ್ತದೆ. ಇನ್ನು ‘ನಮ್ಮ’. ಮಂಗಳೂರಿನವರೂ ಅಮೆರಿಕದ ಕನ್ನಡಿಗರೂ ಓದುವ ವಿಶ್ವಕೋಶದಲ್ಲಿ ‘ನಮ್ಮ’ ಎಂದರೆ ಯಾರ? ಉಮಾಶ್ರೀ ತೇರದಾಳದಿಂದ ಗೆದ್ದವರು, ತೇರದಾಳದಲ್ಲಿ ಹುಟ್ಟಿದವರಲ್ಲ. ಆ ಒಂದು ಪದ ಎರಡನ್ನೂ ಕಲಸಿಬಿಡುತ್ತದೆ.

ತೆಗೆದದ್ದಕ್ಕಿಂತ ಸೇರಿಸಬೇಕಾದದ್ದು ಮುಖ್ಯ. ನಿರ್ದೇಶಕರು ಆರೂರು ಜಗದೀಶ್. ಕಥೆಯ ಮೂಲ ಜೀ ತೆಲುಗುವಿನ ‘ರಾಧಮ್ಮ ಕೂತುರು’. ಈ ಕೊನೆಯ ಸಂಗತಿಯನ್ನು ಅಭಿಮಾನಿ ಬರೆಯುವುದಿಲ್ಲ, ಬರೆದರೂ ಎಲ್ಲೋ ಕೆಳಗೆ ಬರೆಯುತ್ತಾನೆ. ರೀಮೇಕ್ ಎಂದರೆ ಮಾನ ಹೋದಂತೆ ಅವನ ಲೆಕ್ಕ. ನಿಯಮಕ್ಕೆ ಆ ಸಂಕೋಚವಿಲ್ಲ. ನನ್ನ ಮಟ್ಟಿಗೆ ಈ ನಿಯಮಗಳ ದೊಡ್ಡ ಗುಣವೇ ಇದು: ಬರೆಯುವವನನ್ನು ಧಾರಾವಾಹಿಯ ಒಳಗಿನಿಂದ ಎಬ್ಬಿಸಿ ಹೊರಗೆ ತಂದು ನಿಲ್ಲಿಸುತ್ತವೆ. ಹೊರಗೆ ನಿಂತಾಗ ಮಾತ್ರ ಪುಟ್ಟಕ್ಕ ಒಂದು ಪಾತ್ರ, ಉಮಾಶ್ರೀ ಒಬ್ಬ ನಟಿ, ತೇರದಾಳದ ಮಾಜಿ ಶಾಸಕಿ ಎಂಬುದು ಬೇರೆಯೇ ಪುಟದ ವಿಷಯ ಎಂದು ವಿಂಗಡಿಸಲು ಬರುತ್ತದೆ. 2018ರಲ್ಲಿ ಅವರು ಸೋತ ಚುನಾವಣೆಯನ್ನೋ 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದನ್ನೋ ಧಾರಾವಾಹಿಯ ಪುಟಕ್ಕೆ ತುರುಕುವ ಉಮೇದು ಎರಡೂ ಪಕ್ಷದವರಿಗೆ ಇರುತ್ತದೆ. ಬದುಕಿರುವ ವ್ಯಕ್ತಿಗಳ ಬಗ್ಗೆ ಬರೆಯುವಾಗ ವಿವಾದಕ್ಕೆ ಎಡೆಕೊಡುವ ಪ್ರತಿ ಸಾಲಿಗೂ ಗಟ್ಟಿ ಆಧಾರ ಬೇಕು, ಇಲ್ಲದಿದ್ದರೆ ತಕ್ಷಣ ತೆಗೆಯಬೇಕು ಎಂಬ ನಿಯಮ ಇರುವುದು ಇಂಥ ಉಮೇದಿಗೇ.

 

ರೀಮೇಕಿನ ಮಾತು ಬಂತಲ್ಲ, ನಮ್ಮ ಜಮಖಂಡಿ, ಮುಧೋಳ, ಬನಹಟ್ಟಿಯ ಕಡೆ ಮರಾಠಿ ಅರ್ಥವಾಗುವವರು ಬಹಳ; ಸಾಂಗ್ಲಿ, ಮಿರಜ ದೂರವಲ್ಲ, ಮರಾಠಿ ಧಾರಾವಾಹಿ ನೋಡುವ ಮನೆಗಳೂ ಇವೆ. ಕನ್ನಡದ ‘ಜೊತೆ ಜೊತೆಯಲಿ’ ಧಾರಾವಾಹಿಯ ಮೂಲ ಮರಾಠಿಯ ‘ತುಲಾ ಪಾಹತೇ ರೇ’. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಗಿಣಿರಾಮ’ದ ಮೂಲವೂ ಮರಾಠಿಯದೇ. ಈ ‘ಗಿಣಿರಾಮ’ಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಆಸಕ್ತಿ ಇತ್ತು, ಯಾಕೆಂದರೆ ಪಾತ್ರಗಳು ಉತ್ತರ ಕರ್ನಾಟಕದ ಮಾತಾಡುತ್ತಿದ್ದವು. ಎರಡೂ ಭಾಷೆಯ ಕಂತುಗಳನ್ನು ನೋಡಿದವರು ಕಟ್ಟೆಯ ಮೇಲೆ ಕೂತು ಹೋಲಿಸುತ್ತಾರೆ: ಅಲ್ಲಿ ಹೀಗಿತ್ತು, ಇಲ್ಲಿ ಹೀಗೆ ತಿರುವಿದರು. ‘ಇದು ನಮ್ಮ ಮಾತಲ್ರಿ, ಬೆಂಗಳೂರಿನವರು ಆಡೂ ನಮ್ಮ ಮಾತು’ ಎಂದು ತೀರ್ಪನ್ನೂ ಕೊಡುತ್ತಾರೆ. ಒಳ್ಳೆಯ ವಿಮರ್ಶೆಯೇ. ಆದರೆ ವಿಶ್ವಕೋಶಕ್ಕೆ ಅದನ್ನು ಹಾಗೇ ತರುವಂತಿಲ್ಲ. ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ. ಯಾರಾದರೂ ಪತ್ರಿಕೆಯಲ್ಲಿ ಹೆಸರು ಹಾಕಿ ಬರೆದಿದ್ದರೆ, ‘ಇಂಥವರು ಹೀಗೆ ಅಭಿಪ್ರಾಯಪಟ್ಟಿದ್ದಾರೆ’ ಎಂದು ಸೇರಿಸಬಹುದು. ಇದು ಕಟ್ಟೆಯ ವಿಮರ್ಶಕನಿಗೆ ಅನ್ಯಾಯ ಎನ್ನಿಸುತ್ತದೆ. ಹಾಗೆಂದು ಬಾಗಿಲು ತೆರೆದರೆ, ಪಾತ್ರಧಾರಿಯ ಮೂಗು ಸರಿಯಿಲ್ಲ ಎಂಬ ತೀರ್ಪೂ ಅದೇ ಬಾಗಿಲಿನಿಂದ ಒಳಬರುತ್ತದೆ. ಈ ನಿಯಮ ಕಠಿಣ, ಆದರೆ ಬೇಕು.

ಎಲ್ಲ ನಿಯಮಗಳ ಬಗ್ಗೆ ನಾನು ಇಷ್ಟು ಉದಾರಿಯಲ್ಲ. ಟಿವಿ ಲೇಖನಗಳಿಗೆಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ಕೈಪಿಡಿಯೇ ಇದೆ. ಓದಿದರೆ ಅದರ ಬೆನ್ನಹಿಂದೆ ನಿಂತಿರುವುದು ಅಮೆರಿಕದ ಟಿವಿ ಎಂದು ತಿಳಿಯುತ್ತದೆ. ವರ್ಷಕ್ಕೊಂದು ಸೀಸನ್, ಸೀಸನ್ನಿಗೆ ಇಪ್ಪತ್ತು ಚಿಲ್ಲರೆ ಕಂತು, ಪ್ರತಿ ಕಂತಿಗೂ ಶೀರ್ಷಿಕೆ, ಬರೆದವರ ಹೆಸರು, ನಿರ್ದೇಶಿಸಿದವರ ಹೆಸರು. ಒಂದು ಸೀಸನ್ನಿನ ಕಥೆಯನ್ನು ಗದ್ಯದಲ್ಲಿ ಹೇಳುವುದಾದರೆ 500 ಪದ ಮೀರಬೇಡಿ ಎನ್ನುತ್ತದೆ ಆ ಕೈಪಿಡಿ. ನಮ್ಮ ದಿನದ ಧಾರಾವಾಹಿಗೆ ಸೀಸನ್ ಎಲ್ಲಿದೆ? ‘ಪುಟ್ಟಗೌರಿ ಮದುವೆ’ 1,700 ಕಂತು ದಾಟಿತು. ಬಾಲವಧುವಾಗಿ ಬಂದ ಹುಡುಗಿ ದೊಡ್ಡವಳಾಗಿ, ನಟಿಯೂ ಬದಲಾಗಿ, ಕಥೆ ಹಿಂದಿಯ ‘ಬಾಲಿಕಾ ವಧು’ವನ್ನು ಬಿಟ್ಟು ತನ್ನದೇ ದಾರಿ ಹಿಡಿಯಿತು. ಇದಕ್ಕೆ 500 ಪದದ ಅಳತೆ ಹಾಕುವುದು ಹೇಗೆ? ಅಳತೆ ಇಲ್ಲದಿದ್ದರಂತೂ ಬರೆಯುವವರು ವಾರವಾರದ ಕಥೆಯನ್ನು ತುಂಬುತ್ತ ಹೋಗುತ್ತಾರೆ, ಪುಟ ಓದಲಾಗದಷ್ಟು ಬೆಳೆಯುತ್ತದೆ. ಕನ್ನಡದ ದಿನದ ಧಾರಾವಾಹಿಗೆ ಕನ್ನಡದವರೇ ಒಂದು ಅಳತೆ ಮಾಡಿಕೊಳ್ಳಬೇಕು. ಕಥೆಯ ದೊಡ್ಡ ತಿರುವುಗಳು ಯಾವುವು, ಮುಖ್ಯ ಪಾತ್ರದ ನಟಿ ಯಾವಾಗ ಬದಲಾದರು, ಕಥೆ ಮೂಲದಿಂದ ಎಲ್ಲಿ ಕವಲೊಡೆಯಿತು ಎಂಬಷ್ಟು ಸಾಕು. ಇಂಥದ್ದನ್ನು ಚರ್ಚಿಸಲು ಕನ್ನಡ ವಿಕಿಪೀಡಿಯದಲ್ಲಿ ಜಾಗವಿದೆ. ಅದರ ಹೆಸರು ‘ಅರಳಿ ಕಟ್ಟೆ’. ಊರಿನ ಕಟ್ಟೆಯಲ್ಲಿ ಆಗುವ ಮಾತು ಅಲ್ಲೂ ಆಗಲಿ ಎಂದೇ ಇಟ್ಟ ಹೆಸರು.

ಇನ್ನೊಂದು ನಿಯಮ: ವಿಶ್ವಕೋಶ ಎಂದರೆ ಟಿವಿ ಕಾರ್ಯಕ್ರಮಗಳ ವೇಳಾಪಟ್ಟಿಯಲ್ಲ, ಪ್ರಸಾರದ ಸಮಯ ಬರೆಯುತ್ತ ಕೂರಬೇಡಿ. ಒಪ್ಪಬೇಕಾದ ಮಾತು. ಆದರೆ ನಮ್ಮಲ್ಲಿ ರಾತ್ರಿಯ ಧಾರಾವಾಹಿಯನ್ನು ಸಂಜೆಗೆ ತಳ್ಳಿದರೆಂದರೆ ಅದಕ್ಕೆ ವಿದಾಯದ ದಿನ ಹತ್ತಿರವಾಯಿತು ಎಂದೇ ನೋಡುಗರು ತಿಳಿಯುತ್ತಾರೆ. ಸಮಯ ಬದಲಾದದ್ದೇ ಪತ್ರಿಕೆಯಲ್ಲಿ ಸುದ್ದಿಯಾಗಿದ್ದರೆ ಅದನ್ನು ಬರೆಯಲೇಬೇಕು.

ವಾಹಿನಿಯ ಹೆಸರಿನ ಗೊಂದಲ ಚಿಕ್ಕದು, ಆದರೂ ಎಡವುವವರು ಅಲ್ಲೇ ಹೆಚ್ಚು. ಈಟಿವಿ ಕನ್ನಡ 2000ದ ಡಿಸೆಂಬರಿನಲ್ಲಿ ಶುರುವಾಗಿ 2015ರಲ್ಲಿ ಕಲರ್ಸ್ ಕನ್ನಡವಾಯಿತು. ‘ಪುಟ್ಟಗೌರಿ ಮದುವೆ’ ಆರಂಭವಾದದ್ದು 2012ರಲ್ಲಿ, ಈಟಿವಿ ಕನ್ನಡದಲ್ಲಿ. ‘2012ರಲ್ಲಿ ಕಲರ್ಸ್ ಕನ್ನಡದಲ್ಲಿ ಆರಂಭವಾಯಿತು’ ಎಂದು ಬರೆದರೆ ಅಂದು ಇಲ್ಲದ ವಾಹಿನಿಯನ್ನು ಹುಟ್ಟಿಸಿದಂತಾಯಿತು. 2013ರ ಮೊದಲ ‘ಬಿಗ್ ಬಾಸ್’ ಪುಟಕ್ಕೂ ಇದೇ ಮಾತು.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು. 2010ರ ಆಸುಪಾಸಿನಲ್ಲಿ ಗೂಗಲ್ ದುಡ್ಡು ಕೊಟ್ಟು ಮಾಡಿಸಿದ ಅನುವಾದಗಳು ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ರಾಶಿಯಾಗಿ ಬಂದು ಬಿದ್ದವು, ಕನ್ನಡವೂ ಅದರಲ್ಲಿತ್ತು. ಓದಿದರೆ ಹಲ್ಲಿಗೆ ಕಲ್ಲು ಸಿಕ್ಕಂಥ ವಾಕ್ಯಗಳು. ಅಲ್ಲಿ ಅಡಿಟಿಪ್ಪಣಿಗೆ ಕೊರತೆಯಿರಲಿಲ್ಲ, ಓದಿಸಿಕೊಳ್ಳುವ ಕನ್ನಡವಿರಲಿಲ್ಲ. ನಮ್ಮ ಧಾರಾವಾಹಿ ಪುಟಗಳ ಕಥೆ ತಿರುಗುಮುರುಗು: ಕನ್ನಡ ಚೆನ್ನಾಗಿರುತ್ತದೆ, ಅಡಿಟಿಪ್ಪಣಿ ಇರುವುದಿಲ್ಲ. ಪಾತ್ರವರ್ಗದ ಉದ್ದ ಪಟ್ಟಿ, ಅದರ ಮೇಲೆ ಎರಡು ಸಾಲು, ಮುಗಿಯಿತು. ಟಿ. ಎನ್. ಸೀತಾರಾಮ್ ತಂಡದ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದಾಗ ಸಂಜೆ ರಸ್ತೆ ಖಾಲಿಯಾಗುತ್ತಿತ್ತು ಎಂದು ಈಗಲೂ ಜನ ಹೇಳುತ್ತಾರೆ. ಆ ಹೇಳಿಕೆಗೆ ತೊಂಬತ್ತರ ದಶಕದ ಕೊನೆಯ ಪತ್ರಿಕೆಗಳನ್ನು ತಿರುವಿ ಆಧಾರ ಹುಡುಕುವ ಕೆಲಸ ಯಾರದು?

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಆಧಾರ ಎಂದರೆ ಅಂತರ್ಜಾಲದ ಕೊಂಡಿ ಎಂದು ಬಹಳ ಜನ ನಂಬಿದ್ದಾರೆ. ಕೊಂಡಿ ಇಲ್ಲ ಎಂಬ ಕಾರಣಕ್ಕೆ ಅಳಿಸುವವರೂ ಇದ್ದಾರೆ, ಅವರು ಮಾಡುವುದು ತಪ್ಪು. ಸಂಯುಕ್ತ ಕರ್ನಾಟಕವೋ ಪ್ರಜಾವಾಣಿಯೋ, ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟಸಂಖ್ಯೆ ಕೊಟ್ಟರೆ ಸಾಕು. ಕಂಪ್ಯೂಟರಿನಲ್ಲಿ ಕಾಣದಿದ್ದರೂ ಗ್ರಂಥಾಲಯಕ್ಕೆ ಹೋಗಿ ಯಾರಾದರೂ ತಾಳೆ ನೋಡಬಹುದು ಎಂಬುದಷ್ಟೇ ನಿಯಮದ ಅಪೇಕ್ಷೆ. ಜಮಖಂಡಿಯಂಥ ಊರಿನಲ್ಲಿ ಹಳೆಯ ಪತ್ರಿಕೆ ಕಟ್ಟಿ ಅಟ್ಟದ ಮೇಲಿಟ್ಟ ಮನೆಗಳಿಗೆ ಇನ್ನೂ ಬರವಿಲ್ಲ. ಇನ್ನೊಂದು ಕಡೆ, ವಾಹಿನಿಯವರು ಕಳಿಸಿದ ಪ್ರಚಾರದ ಟಿಪ್ಪಣಿಯನ್ನು ಒಂದಕ್ಷರ ಬದಲಿಸದೆ ಅಚ್ಚು ಹಾಕಿದ ವರದಿ ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಕೊಂಡಿ ಇದೆ, ಬೆಲೆ ಇಲ್ಲ. ಯಾರು ಬೇಕಾದರೂ ತುಂಬಬಹುದಾದ ಐಎಂಡಿಬಿ ಪಟ್ಟಿಗೂ ಇದೇ ಗತಿ.

ಈ ತಾಲ್ಲೂಕುಗಳಿಂದ ಬರಲೇಬೇಕಾದ ಒಂದು ಟಿವಿ ಲೇಖನ ನನ್ನ ತಲೆಯಲ್ಲಿದೆ, ಅದು ಧಾರಾವಾಹಿಯದ್ದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯದ ಟಿವಿ ಪೆಟ್ಟಿಗೆಗಳು ಹೋದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯತನಕ ಜಮಖಂಡಿ, ಮುಧೋಳ, ಬೀಳಗಿ ಎಲ್ಲವೂ ಬಿಜಾಪುರವೇ. ಬೆಂಗಳೂರಿನ ದೂರದರ್ಶನ ಕೇಂದ್ರ 1981ರದ್ದು. ಅಂದರೆ ಕನ್ನಡ ಟಿವಿಯ ಮೊದಲ ನೋಡುಗರು ರಾಜಧಾನಿಯವರಲ್ಲ, ಈ ಕಡೆಯ ರೈತರು, ಶಾಲೆಯ ಮಕ್ಕಳು. ಇಷ್ಟು ದೊಡ್ಡ ಸಂಗತಿ ಬಿಟ್ಟು ನಾವು ಯಾವ ನಟಿ ಯಾವ ಪಾತ್ರ ಬಿಟ್ಟರೆಂದು ಪುಟ ತುಂಬಿಸುತ್ತಿದ್ದೇವೆ.

ಬರೆಯಹೊರಟರೆ ನಿಯಮ ಮತ್ತೆ ಎದುರಿಗೆ ನಿಲ್ಲುತ್ತದೆ. ‘ಬಿಜಾಪುರ ಜಿಲ್ಲೆ’ ಎಂದು ಬರೆಯಬಹುದು, ಆಧಾರವಿದೆ. ‘ಬೀಳಗಿ ತಾಲ್ಲೂಕಿನ ಇಂಥ ಊರು’ ಎಂದು ಬರೆಯಲು ಊರಿನ ಹೆಸರಿರುವ ಪಟ್ಟಿ ಬೇಕು. ಅಜ್ಜ ಹೇಳಿದ್ದು ಸಾಲದು. ಅದಕ್ಕೇ ಬೆಂಗಳೂರಿನ ಅಚಲ್ ಪ್ರಭಾಲಾ 2011ರಲ್ಲಿ ‘ಪೀಪಲ್ ಆರ್ ನಾಲೆಡ್ಜ್’ ಎಂಬ ಕಿರುಚಿತ್ರ ಮಾಡಿ, ಬಾಯಿಮಾತನ್ನೂ ಧ್ವನಿಮುದ್ರಿಸಿ ಆಧಾರವಾಗಿ ಬಳಸಬಹುದಲ್ಲ ಎಂದು ವಿಕಿಪೀಡಿಯದವರನ್ನು ಕೇಳಿದರು. ಅಚ್ಚಾದ ಪುಸ್ತಕ ಕಡಿಮೆ ಇರುವ ಸಮಾಜಗಳಿಗೆ ಅಚ್ಚಿನ ನಿಯಮ ಹಾಕಿದರೆ ಅವುಗಳ ತಿಳಿವು ಹೊರಗೇ ಉಳಿಯುತ್ತದೆ ಎಂಬ ಅವರ ವಾದ ಸರಿ. ಆದರೂ ಧ್ವನಿಮುದ್ರಿಕೆಯನ್ನು ನೇರ ಪುಟಕ್ಕೆ ಏರಿಸುವುದಕ್ಕಿಂತ, ಅದನ್ನು ಮೊದಲು ನಾಲ್ಕು ಜನ ಪರೀಕ್ಷಿಸಿ ಅಚ್ಚು ಹಾಕುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಪುಟ್ಟಕ್ಕನ ಅಭಿಮಾನಿಗೆ ಕೇಳಿದ ಆಧಾರವನ್ನು ಅಜ್ಜನಿಗೂ ಕೇಳಬೇಕಾಗುತ್ತದೆ. ಒಬ್ಬರಿಗೆ ಸಡಿಲಿಸಿದರೆ ಇನ್ನೊಬ್ಬರಿಗೆ ಬಿಗಿಯಲು ಬಾಯಿರುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳ್ಳಿಗಳಲ್ಲಿ 1975-76ರಲ್ಲಿ ಆ ಟಿವಿ ನೋಡಿದವರಿಗೆ ಈಗ ಅರವತ್ತು ಎಪ್ಪತ್ತರ ಮೇಲಾಗಿರುತ್ತದೆ. ನಿಮ್ಮೂರಿನ ಶಾಲೆಯ ಹಳೆಯ ದಾಖಲೆ, ಪಂಚಾಯಿತಿಯ ಠರಾವು, ಪೆಟ್ಟಿಗೆಯ ಮುಂದೆ ಕೂತ ಜನರ ಫೋಟೊ, ಪತ್ರಿಕೆಯ ತುಣುಕು ಏನೇ ಸಿಕ್ಕರೂ ವಾಟ್ಸ್ಆ್ಯಪಿನಲ್ಲಿ ಹರಿಯಬಿಟ್ಟು ಸುಮ್ಮನಾಗಬೇಡಿ. ಹಿರಿಯರ ಮಾತನ್ನು ದಿನಾಂಕ, ಊರು ಹಾಕಿ ಬರೆದುಕೊಳ್ಳಿ, ಕಾಲೇಜಿನ ಸಂಚಿಕೆಗೋ ಜಿಲ್ಲೆಯ ಪತ್ರಿಕೆಗೋ ಲೇಖನವಾಗಿ ಕೊಡಿ. ಅಚ್ಚಾದ ಮೇಲೆ ಅದರ ದಿನಾಂಕ ಮತ್ತು ಪುಟಸಂಖ್ಯೆಯೊಂದಿಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಿರಿ. ಆಗ ಆಧಾರವಿಲ್ಲ ಎಂದು ಅದನ್ನು ಯಾರೂ ಅಳಿಸಲಾರರು.