ಕಡತವಿಲ್ಲದವರ ನ್ಯಾಯಮೂರ್ತಿ

ಹೈಕೋರ್ಟಿನ ನ್ಯಾಯಮೂರ್ತಿಯ ಮುಂದೆ ಬರುವ ಮೇಲ್ಮನವಿಗಳಲ್ಲಿ ಕೆಳಗಿನ ಕೋರ್ಟು ಬರೆದಿಟ್ಟ ಸಾಕ್ಷ್ಯವೇ ಮುಖ್ಯ. ನೊಂದವರ ಬಳಿ ಒಂದು ಹಾಳೆಯೂ ಇಲ್ಲದಿದ್ದರೆ? ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಎ.ಜೆ. ಸದಾಶಿವ ಅವರ ಸೇವೆಯನ್ನು ಅಳೆಯಲು ಇದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವಿರುವುದು ಅವರ ನಿವೃತ್ತಿಯ ನಂತರದ ಕೆಲಸದಲ್ಲಿ.

ಕರ್ನಾಟಕ-ತಮಿಳುನಾಡು ಗಡಿಯ ಪುಣಜನೂರು ಚೆಕ್‌ಪೋಸ್ಟಿನಿಂದ ಹಾಸನೂರು, ದಿಂಬಂ ಘಾಟಿಯವರೆಗೂ, ಅತ್ತ ಮಲೆ ಮಹದೇಶ್ವರ ಬೆಟ್ಟದವರೆಗೂ ಹಬ್ಬಿದ ಕಾಡು 1990ರ ದಶಕದಲ್ಲಿ ಕಾಡುಗಳ್ಳ ವೀರಪ್ಪನ್‌ಗಾಗಿ ನಡೆದ ಬೇಟೆಯ ನೆಲ. ಸೋಲಿಗ ಬುಡಕಟ್ಟಿನವರೂ ಗಡಿಯ ಬಡ ರೈತರೂ ಒಂದು ಕಡೆ ಅವನಿಗೆ, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಎರಡು ರಾಜ್ಯಗಳ ಪೊಲೀಸ್ ಕಾರ್ಯಪಡೆಗೆ ಹೆದರಿ ಬದುಕಿದರು. ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಅಡಿ ಬಂಧಿತರಾದ ಅನೇಕರು ವರ್ಷಗಟ್ಟಲೆ ಜೈಲಿನಲ್ಲಿದ್ದರು; 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು.

ಕಾರ್ಯಪಡೆಯ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಸದಾಶಿವ ಹಾಗೂ ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ರಚಿಸಿತು. ದೂರು ದಾಖಲಿಸಲು ಪೊಲೀಸ್ ಠಾಣೆಗೇ ಹೋಗಬೇಕು, ದೂರು ಇರುವುದೂ ಪೊಲೀಸರ ಮೇಲೆಯೇ ಎಂಬ ಇಕ್ಕಟ್ಟಿನಲ್ಲಿದ್ದವರ ಮಾತನ್ನು ಈ ಸಮಿತಿ ಸಾಕ್ಷ್ಯವೆಂದು ಕೇಳಿತು, ಬರೆದುಕೊಂಡಿತು. ಚಿತ್ರಹಿಂಸೆ, ಅತ್ಯಾಚಾರ, ಅಕ್ರಮ ಬಂಧನದ ಆರೋಪಗಳು ಮೊದಲ ಸಲ ಸರ್ಕಾರ ಅಲ್ಲಗಳೆಯಲಾಗದ ಕಡತವಾದವು. ಮೇಲ್ಮನವಿಯ ಪೀಠದಲ್ಲಿ ಕೂತವರೊಬ್ಬರು ಮೊದಲ ದೂರನ್ನೇ ಆಲಿಸಿದ್ದು ಈ ಸಮಿತಿಯ ದೊಡ್ಡ ಗುಣ.

ಕೊರತೆಯೂ ಅಷ್ಟೇ ದೊಡ್ಡದು. ವರದಿ 2003ರ ಕೊನೆಗೆ ಬಂತು. 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿದ್ದು 2007ರಲ್ಲಿ. ಶಿಫಾರಸು ಮಾಡಬಲ್ಲ ಆಯೋಗಕ್ಕೆ ಶಿಕ್ಷಿಸುವ ಅಧಿಕಾರವಿಲ್ಲ. ಪರಿಹಾರವೆಂದರೆ ಅನ್ಯಾಯ ನಡೆದದ್ದನ್ನು ಒಪ್ಪಿದಂತೆ. ಒಪ್ಪಿದ ಮೇಲೆ ಮಾಡಿದವರ ಮೇಲೆ ಮೊಕದ್ದಮೆ ಹೂಡಲೇಬೇಕಿತ್ತು. ಆ ಹೊಣೆಯಿಂದ ಎರಡೂ ಸರ್ಕಾರಗಳು ನುಣುಚಿಕೊಂಡವು.

ಸದಾಶಿವ ಅವರ ಇನ್ನೊಂದು ವರದಿಯ ಪಾಡೂ ಇದಕ್ಕಿಂತ ಬೇರೆಯಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಕುರಿತ ಅವರ ಆಯೋಗ 2005ರಲ್ಲಿ ರಚನೆಯಾಗಿ 2012ರಲ್ಲಿ ವರದಿ ಕೊಟ್ಟಿತು. ಅದು ವರ್ಷಗಟ್ಟಲೆ ವಿಧಾನಸೌಧದಲ್ಲೇ ಉಳಿಯಿತು. ವರದಿ ಬಂದ ಹನ್ನೆರಡು ವರ್ಷಗಳ ನಂತರ, ಅಂಥ ಒಳವರ್ಗೀಕರಣಕ್ಕೆ ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿತು.

ಎರಡು ವರದಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸದಾಶಿವ ಅವರ ಹಿರಿಮೆ ಸ್ಪಷ್ಟ: ಕೋರ್ಟಿನ ಬಾಗಿಲಿಗೆ ಬರಲಾಗದವರ ಪಾಲಿಗೆ ಅವರು ಕಾನೂನಿನ ಕಿವಿಯಾದರು. ಇಂಥ ಪ್ರತಿಯೊಂದು ವರದಿಯನ್ನೂ ಇಂತಿಷ್ಟು ತಿಂಗಳಲ್ಲಿ ಸದನದ ಮುಂದಿಟ್ಟು, ಕೈಗೊಂಡ ಕ್ರಮವನ್ನೋ ಕೈಬಿಟ್ಟ ಕಾರಣವನ್ನೋ ಹೇಳುವುದು ಸರ್ಕಾರಕ್ಕೆ ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಎಂಥ ನ್ಯಾಯಮೂರ್ತಿಯನ್ನು ನೇಮಿಸಿದರೂ ಪುಣಜನೂರಿನಂಥ ಊರಿಗೆ ಸಿಗುವುದು ಅರ್ಧ ನ್ಯಾಯ.