ಗ್ಯಾಸ್ ತುಂಬಿಸುವುದು ರಿಪೇರಿಯಲ್ಲ

ಘೋಣಸಗಿ, ಬಾಬಾನಗರ, ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕಟಾವು ಶುರುವಾಯಿತೆಂದರೆ ಪಿಕಪ್ ಗಾಡಿಗಳಿಗೆ ಬಿಡುವಿಲ್ಲ. ತೋಟದಿಂದ ಒಣಗಿಸುವ ಶೆಡ್ಡಿಗೆ ಕ್ರೇಟು, ಶೆಡ್ಡಿನಿಂದ ವಿಜಯಪುರಕ್ಕೋ ಗಡಿಯಾಚೆಯ ತಾಸಗಾಂವ ಮಾರುಕಟ್ಟೆಗೋ ಒಣದ್ರಾಕ್ಷಿ. ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಎಂಟು ಹತ್ತು ವರ್ಷ ಹಳೆಯ ಗಾಡಿಯ ಎಸಿ ಕೈಕೊಡುವುದೂ ಆಗಲೇ. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರಾಯಿತು’ ಎನ್ನುವ ಮಾತು ಎಲ್ಲರ ಬಾಯಲ್ಲಿದೆ. ಹಳೆಯ ಪಿಕಪ್‌ಗಳ ಎಸಿ ಹಾಳಾಗುವುದಕ್ಕೆ ವಯಸ್ಸಿಗಿಂತ ಈ ಮಾತೇ ದೊಡ್ಡ ಕಾರಣ ಎಂಬುದು ನನ್ನ ವಾದ. ಎಸಿಯ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಕೂಲಿಂಗ್ ಕಾಯಿಲ್‌ಗಳ ನಡುವೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಜಾಗ ಹುಡುಕದೆ ಗ್ಯಾಸ್ ಹಾಕಿಸುವುದು ಪಂಕ್ಚರ್ ತೆಗೆಸದೆ ಟ್ಯೂಬಿಗೆ ಗಾಳಿ ಹೊಡೆಸಿದ ಹಾಗೆ.

ಸೋರುವುದು ಗ್ಯಾಸ್ ಒಂದೇ ಆಗಿದ್ದರೆ ನಷ್ಟ ಚಿಕ್ಕದು. ಆದರೆ ಕಂಪ್ರೆಸರಿಗೆ ಬೇಕಾದ ಆಯಿಲ್ ಆ ಗ್ಯಾಸಿನ ಜೊತೆಗೇ ಹರಿಯುತ್ತದೆ, ಸೋರುವ ಕಡೆ ತಾನೂ ಹೊರಬರುತ್ತದೆ. ಹೀಗಾಗಿ ಸೋರಿಕೆ ತನ್ನ ಗುರುತನ್ನು ತಾನೇ ಬಿಟ್ಟಿರುತ್ತದೆ. ಬಾನೆಟ್ ಎತ್ತಿ ನೋಡಿದರೆ ಪೈಪಿನ ಜಾಯಿಂಟ್, ಕಂಡೆನ್ಸರಿನ ಕೆಳಮೂಲೆ, ಕಂಪ್ರೆಸರಿನ ಕ್ಲಚ್ ಹಿಂದಿನ ಸೀಲು, ಈ ಮೂರರಲ್ಲಿ ಒಂದು ಕಡೆ ಜಿಡ್ಡಿಗೆ ಎರೆಮಣ್ಣಿನ ಧೂಳು ಮೆತ್ತಿ ಕಪ್ಪಾದ ಕಲೆ ಕಾಣುವುದು ಸಾಮಾನ್ಯ. ಅಲ್ಲಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಕಣ್ಣಿಗೆ ಬೀಳದ ಸಣ್ಣ ಸೋರಿಕೆಯಾದರೆ ಒಣ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು. ಇದೊಂದನ್ನೂ ಮಾಡದೆ ವರ್ಷ ವರ್ಷ ಗ್ಯಾಸ್ ಹಾಕಿಸಿದವರು, ಹೋದ ಆಯಿಲ್ ಹಾಕಿಸಿರುವುದಿಲ್ಲ. ಒಂದು ದಿನ ಕಂಪ್ರೆಸರ್ ಹಿಡಿದುಕೊಳ್ಳುತ್ತದೆ, ಅದರ ಲೋಹದ ಚೂರು ಪೈಪು, ಕಂಡೆನ್ಸರಿಗೆಲ್ಲ ಹರಡುತ್ತದೆ. ಒಂದು ಓ-ರಿಂಗ್ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಇಡೀ ಎಸಿಯನ್ನೇ ಬದಲಿಸುವಲ್ಲಿಗೆ ಬಂದು ನಿಲ್ಲುತ್ತದೆ.

ಸೋರಿಕೆ ಮುಚ್ಚಿದ ಮೇಲೂ ಅವಸರ ಸಲ್ಲದು. ಜಾಯಿಂಟ್ ಬಿಚ್ಚಿದಾಗ ಒಳಹೊಕ್ಕ ಗಾಳಿಯಲ್ಲಿ ತೇವವಿರುತ್ತದೆ. ಆ ತೇವ ವಾಲ್ವಿನ ಸಣ್ಣ ರಂಧ್ರದಲ್ಲಿ ಹೆಪ್ಪುಗಟ್ಟಿದರೆ ಹದಿನೈದು ನಿಮಿಷ ತಣ್ಣಗೆ ಬೀಸಿದ ಎಸಿ ತಟ್ಟನೆ ಬಿಸಿಗಾಳಿ ಕೊಡುತ್ತದೆ, ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ತಣ್ಣಗಾಗುತ್ತದೆ. ಅದಕ್ಕೇ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು. ಒಳಗಿನ ಒತ್ತಡ ಅಷ್ಟು ಇಳಿದಾಗ ನೀರು ಸಾಮಾನ್ಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲೇ ನಿಂತರೆ ಮಾತ್ರ ಗ್ಯಾಸ್ ಹಾಕಬೇಕು, ಅದನ್ನೂ ತೂಗಿ ಹಾಕಬೇಕು. ಗಾಡಿ ನಿಂತಿರುವಾಗ ಗೇಜ್ ತೋರಿಸುವ ಒತ್ತಡ ನಂಬಿ ಮೋಸಹೋಗುವುದು ಸುಲಭ. ಈ ಗಾಡಿಗಳ ಎಸಿಯಲ್ಲಿರುವ ಆರ್-134ಎ ಗ್ಯಾಸಿನ ಒತ್ತಡ 40 ಡಿಗ್ರಿಯಲ್ಲಿ ಸುಮಾರು 130 ಪಿಎಸ್‌ಐ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, ಇರುವುದು 200 ಗ್ರಾಮ್ ಆಗಲಿ 600 ಗ್ರಾಮ್ ಆಗಲಿ ಮುಳ್ಳು ಅಲ್ಲಿಯೇ ನಿಲ್ಲುತ್ತದೆ. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದೂ ಸುಳ್ಳು. ಒತ್ತಡ ಏರಿ ಕಂಪ್ರೆಸರಿಗೆ ಭಾರವಾಗುತ್ತದೆ, ತಂಪು ಕಡಿಮೆಯಾಗುತ್ತದೆ. ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಕಬ್ಬಿನ ರವದಿ ಸಿಕ್ಕಿಕೊಂಡಿದ್ದರೂ ಇದೇ ಆಗುತ್ತದೆ. ಆದ್ದರಿಂದ ಗ್ಯಾಸಿನ ಮಾತಿಗೆ ಮುಂಚೆ ಅದನ್ನು ಮೆಲ್ಲನೆಯ ನೀರಿನಿಂದ, ರೆಕ್ಕೆ ಮಣಿಯದಂತೆ ತೊಳೆಯಬೇಕು.

ಇದಕ್ಕೆ ಆಕ್ಷೇಪಗಳಿವೆ. ಹೋಸ್ ಪೈಪಿನ ರಬ್ಬರಿನಿಂದ ಗ್ಯಾಸ್ ತಾನಾಗಿಯೇ ಸ್ವಲ್ಪ ಸ್ವಲ್ಪ ಹೋಗುತ್ತದಲ್ಲ ಎನ್ನುವುದು ಮೊದಲನೆಯದು. ನಿಜ, ಆದರೆ ಹಾಗೆ ಹೋಗಿ ತಂಪು ಇಳಿಯಲು ಹಲವು ವರ್ಷ ಬೇಕು. ಒಂದೇ ಸುಗ್ಗಿಯಲ್ಲಿ ಬರಿದಾದರೆ ಅದು ಸೋರಿಕೆಯೇ. ತಿಂಗಳುಗಟ್ಟಲೆ ಎಸಿ ಹಾಕದೆ ಬಿಟ್ಟರೆ ಸೀಲು ಒಣಗಿ ಅದು ಇನ್ನೂ ಹೆಚ್ಚುತ್ತದೆ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸುವುದು ಒಳ್ಳೆಯದು. ದುಡಿಯುವ ಗಾಡಿಗೆ ಎಸಿ ಯಾಕೆ, ಡೀಸೆಲ್ ದಂಡ ಎನ್ನುವುದು ಎರಡನೆಯದು. ಡೀಸೆಲ್ ಖರ್ಚಾಗುವುದು ಸುಳ್ಳಲ್ಲ. ಆದರೆ ಸುಡುವ ಕ್ಯಾಬಿನ್ನಿನಲ್ಲಿ ಕೂತವನ ಗಮನ, ಕೈಹಿಡಿತ ಕುಗ್ಗುತ್ತದೆ, ಅಪಾಯ ಹೆಚ್ಚುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂದು ಕೇಂದ್ರ ಸರ್ಕಾರವೇ ಹೇಳಿದೆ. ನಮ್ಮ ಬಹುತೇಕ ಪಿಕಪ್‌ಗಳು ಈ ತೂಕದ ಒಳಗೇ ಇರುವುದರಿಂದ ನಿಯಮದ ಹೊರಗುಳಿದಿವೆ. ಬಿಸಿಲಿಗೆ ಆ ಭೇದ ಗೊತ್ತಿಲ್ಲ, ಆದ್ದರಿಂದ ಈ ಹೊಣೆ ಮಾಲೀಕರದ್ದೇ.

ಖರ್ಚಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಹಳೆಯ ಗಾಡಿಗೆ ಒಮ್ಮೆಲೇ ಅಷ್ಟು ದುಡ್ಡು ಸುರಿಯುವ ಬದಲು ಬೇಸಿಗೆಗೊಮ್ಮೆ ಗ್ಯಾಸ್ ಅಗ್ಗ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಲೆಕ್ಕದಲ್ಲಿ ಮುಂದೆ ಹಾಳಾಗಲಿರುವ ಕಂಪ್ರೆಸರ್ ಸೇರಿಲ್ಲ, ಊರಿನ ಬಿಸಿಲೂ ಸೇರಿಲ್ಲ. ಆರ್-134ಎ ಭೂಮಿಯನ್ನು ಬಿಸಿ ಮಾಡುವ ಶಕ್ತಿ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು. ಅರ್ಧ ಕಿಲೋ ಸೋರಿತೆಂದರೆ 260 ಲೀಟರಿಗೂ ಮಿಕ್ಕಿ ಡೀಸೆಲ್ ಸುಟ್ಟ ಹೊಗೆಗೆ ಸಮ. ಇಂಥ ಗ್ಯಾಸುಗಳ ಬಳಕೆ ಇಳಿಸುವ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಬಿಸಿಲನ್ನೇ ನೆಚ್ಚಿ ದ್ರಾಕ್ಷಿ ಒಣಗಿಸುವ ನಾಡಿಗೂ ಬಿಸಿಲು ಹದ ಮೀರಿದರೆ ಬೆಳೆ ಉಳಿಯದು. ಮುಂದಿನ ಸಲ ವರ್ಕ್‌ಶಾಪಿಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಎಲ್ಲಿ ಸೋರಿತ್ತು, ಎಷ್ಟು ಹೊತ್ತು ವ್ಯಾಕ್ಯೂಮ್ ಎಳೆದಿರಿ, ಎಷ್ಟು ಗ್ರಾಮ್ ಹಾಕಿದಿರಿ? ಮೂರಕ್ಕೂ ನೇರ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ.